‘ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ’: ಪೆಟ್ಟಿ ಕೇಸು, ಪೌರಾಣಿಕ ನಾಟಕ ಮತ್ತು ಸದನದ ಒಂದು ಉತ್ತರ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕಗಳ ಕಾಲ ಆರಂಭವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕಂದಗಳು, ಬಾಡಿಗೆಗೆ ತಂದ ಸೀನರಿ, ಊರಿನವರೇ ಕಟ್ಟುವ ಪಾತ್ರಗಳು. ರಾತ್ರಿ ಒಂಬತ್ತಕ್ಕೆ ಮೊದಲಾದ ನಾಟಕ ಮುಗಿಯುವುದು ಬೆಳಕು ಹರಿಯುವ ಹೊತ್ತಿಗೆ. ಇಂತಹ ಒಂದು ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಪೊಲೀಸರು ಬಂದು ಮೈಕ್ ನಿಲ್ಲಿಸಿದರೆಂದೂ, ಮೈಕ್ ಸೆಟ್ಟಿನವರ ಮೇಲೆ ಕೇಸು ಹಾಕಿದರೆಂದೂ ಇಟ್ಟುಕೊಳ್ಳೋಣ. ಮರುದಿನ ಊರ ಹಿರಿಯರು ಶಾಸಕರ ಮನೆಗೆ ಹೋಗುತ್ತಾರೆ, ಶಾಸಕರು ಸದನದಲ್ಲಿ ಪ್ರಶ್ನೆ ಕೇಳುವುದಾಗಿ ಮಾತು ಕೊಡುತ್ತಾರೆ, ಕೊಟ್ಟ ಮಾತಿನಂತೆ ಕೇಳುತ್ತಾರೆ ಕೂಡ. ಕೆಲವು ವಾರಗಳ ನಂತರ ಎರಡು ಅಂಕಣಗಳ ಒಂದು ಹಾಳೆ ಊರಿಗೆ ಬರುತ್ತದೆ.

ಎಡಗಡೆಯ ಅಂಕಣದಲ್ಲಿ ಹೀಗಿರುತ್ತದೆ: ‘(ಅ) ಮಂಡ್ಯ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ಪ್ರದರ್ಶನಗಳಿಗೆ ಪೊಲೀಸರಿಂದ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು, (ಇ) ಬೆಳಗಿನವರೆಗೆ ನಾಟಕವಾಡಲು ಅನುಮತಿ ನೀಡುವ ಪ್ರಸ್ತಾವನೆ ಸರ್ಕಾರದ ಮುಂದಿದೆಯೇ? (ಸಂಪೂರ್ಣ ಮಾಹಿತಿ ನೀಡುವುದು)’. ಬಲಗಡೆ ಮೂರೇ ಸಾಲು: ‘ಬಂದಿರುವುದಿಲ್ಲ’, ‘ಉದ್ಭವಿಸುವುದಿಲ್ಲ’, ‘ಇರುವುದಿಲ್ಲ’.

ಊರು, ಕೇಸು, ಹಾಳೆ ಎಲ್ಲವೂ ಇಲ್ಲಿ ಕಲ್ಪಿತ. ಆದರೆ ಪ್ರಶ್ನೆ ಕೇಳುವ ಈ ಧಾಟಿಯೂ, ಉತ್ತರದ ಈ ಶಬ್ದಗಳೂ ಕರ್ನಾಟಕದ ವಿಧಾನಮಂಡಲದ ಕಾಗದಪತ್ರಗಳಲ್ಲಿ ನಿತ್ಯ ಕಾಣುವಂಥವು. ಇದನ್ನು ಓದಿದ ಊರಿನವರಿಗೆ ಸರ್ಕಾರ ತಮ್ಮನ್ನು ಕಡೆಗಣಿಸಿತೆಂದು ಅನ್ನಿಸುವುದು ಸಹಜ. ನಾನು ಹೇಳಬೇಕೆಂದಿರುವುದು ಬೇರೆ: ಈ ಮೂರು ಉತ್ತರಗಳೂ ಕೇಳಿದ ಪ್ರಶ್ನೆಗೆ ಅಕ್ಷರಶಃ ಸರಿಯಾಗಿಯೇ ಇರಬಹುದು. ದೋಷ ಇರುವುದು ಪ್ರಶ್ನೆಯ ಕಟ್ಟಡದಲ್ಲಿ. ಸಣ್ಣ ಅಪರಾಧ ಮತ್ತು ಸಂಸ್ಕೃತಿ ಒಂದಕ್ಕೊಂದು ತಾಗುವ ವಿಷಯಗಳಲ್ಲಿ ಈ ದೋಷ ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತದೆ, ಏಕೆಂದರೆ ಅಲ್ಲಿ ಒಂದೇ ಘಟನೆ ಮೂರು ಇಲಾಖೆಗಳ ನಡುವೆ ಹಂಚಿಹೋಗಿರುತ್ತದೆ.

ಆಳುವವರನ್ನು ಎದುರು ಕೂರಿಸಿಕೊಂಡು ತಾಲ್ಲೂಕಿನ ಕಷ್ಟ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರು ಪ್ರಜಾ ಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅಂದು 144 ಮಂದಿ ಪ್ರತಿನಿಧಿಗಳಿದ್ದರು. ಮೈಸೂರಿನ ಪುರಭವನಕ್ಕೆ ರಂಗಾಚಾರ್ಲು ಅವರ ಹೆಸರಿದೆ ಎಂಬುದು ಬಹಳ ಜನರಿಗೆ ಗೊತ್ತು. ಆ ಹೆಸರಿನ ಹಿಂದೆ ಈ ಸಭೆಯೂ ಇದೆ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಆದರೆ ಸರ್ಕಾರವನ್ನು ಇಳಿಸುವ ಶಕ್ತಿ ಅವರಿಗಿರಲಿಲ್ಲ. ಇಂದಿನ ಸ್ಥಿತಿ ಮೂಲದಲ್ಲೇ ಬೇರೆ. ಸಂವಿಧಾನದ 164ನೆಯ ವಿಧಿಯ ಪ್ರಕಾರ ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿದೆ. ಆದ್ದರಿಂದ ಸಚಿವರ ಉತ್ತರ ಅಹವಾಲಿಗೆ ತೋರಿದ ಕೃಪೆಯಲ್ಲ. ಅದು ಹೊಣೆ ಹೊತ್ತವರು ಕೊಡಬೇಕಾದ ಲೆಕ್ಕ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಪ್ರಶ್ನೋತ್ತರ ವೇಳೆಯಲ್ಲಿ ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ಬರುತ್ತದೆ, ಮರುಮಾತಿಗೆ ಅವಕಾಶವಿಲ್ಲ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಪ್ರಶ್ನೆಗಳು ಮತ್ತು 230 ಚುಕ್ಕೆರಹಿತ ಪ್ರಶ್ನೆಗಳು ಪಟ್ಟಿಗೆ ಸೇರುತ್ತವೆ ಎಂಬುದನ್ನು ನೋಡಿದರೆ, ಬಾಯಿಮಾತಿನ ಉತ್ತರ ಎಷ್ಟು ಕಡಿಮೆ ಪ್ರಶ್ನೆಗಳಿಗೆ ಸಿಗುತ್ತದೆ ಎಂಬುದು ತಿಳಿಯುತ್ತದೆ. ರಾಜ್ಯದಲ್ಲೂ ಹೆಚ್ಚಿನ ಪ್ರಶ್ನೆಗಳು ಲಿಖಿತ ಉತ್ತರದಲ್ಲೇ ಮುಗಿಯುತ್ತವೆ. ಇವುಗಳಲ್ಲದೆ ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆ, ಶೂನ್ಯ ವೇಳೆ ಎಂಬ ದಾರಿಗಳೂ ಇವೆ; ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಉತ್ತರವನ್ನು ಸಚಿವರು ಕುಳಿತು ಬರೆಯುವುದಿಲ್ಲ. ಶಾಸಕರು ಕೊಟ್ಟ ಪ್ರಶ್ನೆ ನಿಯಮಗಳಿಗೆ ಒಪ್ಪುತ್ತದೆಯೇ ಎಂದು ಸಭಾಧ್ಯಕ್ಷರ ಕಚೇರಿ ಮೊದಲು ನೋಡುತ್ತದೆ. ಪ್ರಶ್ನೆಯಲ್ಲಿ ವಾದ, ಊಹೆ, ಆರೋಪ, ವ್ಯಂಗ್ಯ ಇರಬಾರದು. ನ್ಯಾಯಾಲಯದ ಮುಂದಿರುವ ವಿಷಯದ ಒಳಹೊಕ್ಕು ಕೇಳಬಾರದು. ಕೇಳಿದ ವಿಷಯ ಆ ಸರ್ಕಾರದ ಹೊಣೆಯೊಳಗೆ ಇರಬೇಕು. ಒಪ್ಪಿತವಾದ ಪ್ರಶ್ನೆ ಇಲಾಖೆಗೆ ಹೋಗುತ್ತದೆ. ಕಚೇರಿಯವರು ವಿಧಾನಸಭೆಯ ಪ್ರಶ್ನೆಯನ್ನು ಚಿಕ್ಕದಾಗಿ ‘ಎಲ್‌ಎಕ್ಯೂ’ ಎನ್ನುತ್ತಾರೆ, ವಿಧಾನ ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಪೊಲೀಸರಿಗೆ ಸಂಬಂಧಿಸಿದ್ದಾದರೆ ಅದು ಒಳಾಡಳಿತ (ಗೃಹ) ಇಲಾಖೆಯಿಂದ ರಾಜ್ಯ ಪೊಲೀಸ್ ಮುಖ್ಯ ಕಚೇರಿಗೆ, ಅಲ್ಲಿಂದ ಮಂಡ್ಯದ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಉಪವಿಭಾಗ ಮತ್ತು ವೃತ್ತಗಳ ಮೂಲಕ ಠಾಣೆಗಳಿಗೆ ‘ಅತಿ ತುರ್ತು’ ಎಂಬ ಗುರುತಿನೊಡನೆ ಇಳಿಯುತ್ತದೆ. ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುವ ರೈಟರ್ ರಿಜಿಸ್ಟರ್ ತೆಗೆದು ಸಂಖ್ಯೆ ಬರೆದುಕೊಡುತ್ತಾರೆ, ಇಲ್ಲವೇ ‘ಮಾಹಿತಿ ಶೂನ್ಯ’ ಎಂದು ಬರೆಯುತ್ತಾರೆ. ಆ ಸಂಖ್ಯೆಗಳು ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಿ, ಇಲಾಖೆಯಲ್ಲಿ ಕ್ರೋಢೀಕರಣಗೊಂಡು, ಸಚಿವರ ಸಹಿಗೆ ಬರುತ್ತವೆ.

ಈ ದಾರಿಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಠಾಣೆಯ ರಿಜಿಸ್ಟರಿನಲ್ಲಿ ‘ಪೌರಾಣಿಕ ನಾಟಕಕ್ಕೆ ತೊಂದರೆ’ ಎಂಬ ಅಂಕಣವೇ ಇರುವುದಿಲ್ಲ. ಅಲ್ಲಿರುವುದು ಕಾಯ್ದೆ, ಕಲಂ, ದಿನಾಂಕ, ಆರೋಪಿಯ ಹೆಸರು, ದಂಡದ ಮೊತ್ತ. ನಾಟಕ ನಿಲ್ಲಿಸಿದ್ದರ ಬಗ್ಗೆ ಊರಿನವರು ಲಿಖಿತ ದೂರು ಕೊಟ್ಟಿರದಿದ್ದರೆ ಆ ಸಂಗತಿ ಯಾವ ಕಡತದಲ್ಲೂ ಇರುವುದಿಲ್ಲ. ಕಡತದಲ್ಲಿ ಇಲ್ಲದ್ದು ‘ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ’. ಈ ಮಾತಿಗೆ ‘ಅಂಥದ್ದು ನಡೆದೇ ಇಲ್ಲ’ ಎಂಬ ಅರ್ಥವಿಲ್ಲ; ‘ನಡೆದದ್ದು ನಮ್ಮ ಕಾಗದದಲ್ಲಿ ಕಾಣುತ್ತಿಲ್ಲ’ ಎಂದಷ್ಟೇ ಅರ್ಥ. ಇನ್ನು ಪ್ರಶ್ನೆಯ (ಆ) ಭಾಗ ‘ಬಂದಿದ್ದಲ್ಲಿ’ ಎಂದು (ಅ)ದ ಮೇಲೆಯೇ ನಿಂತಿರುವುದರಿಂದ, ಮೊದಲನೆಯದು ಬಿದ್ದೊಡನೆ ಎರಡನೆಯದೂ ಬೀಳುತ್ತದೆ: ‘ಉದ್ಭವಿಸುವುದಿಲ್ಲ’. ಶಾಸಕರ ಪ್ರಶ್ನೆಗಳು ಬಹಳ ಸಲ ಸೋಲುವುದು ಇಲ್ಲಿಯೇ ಎಂದು ಹಲವು ವರ್ಷಗಳಿಂದ ಈ ಹಾಳೆಗಳನ್ನು ಓದುತ್ತ ಬಂದ ನನಗೆ ತೋರುತ್ತದೆ.

ಸಣ್ಣ ಅಪರಾಧ ಎಂದರೆ ಯಾವುದು ಎಂಬುದನ್ನೂ ಪ್ರಶ್ನೆಯಲ್ಲಿ ಬಿಡಿಸಿ ಹೇಳದಿದ್ದರೆ ಉತ್ತರದ ಸಂಖ್ಯೆಗೆ ಬೆಲೆ ಇರುವುದಿಲ್ಲ. ಜನರ ಬಾಯಲ್ಲಿ ಎಲ್ಲವೂ ಪೆಟ್ಟಿ ಕೇಸು. ಕಾನೂನಿನಲ್ಲಿ ಅಳತೆಗಳು ಬೇರೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 229ನೆಯ ಕಲಂ ಹೇಳುವ ಲಘು ಅಪರಾಧವೆಂದರೆ 5000 ರೂಪಾಯಿ ಮೀರದ ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧ. ಮೋಟಾರು ವಾಹನ ಕಾಯ್ದೆಯ ಅಪರಾಧಗಳು ಅದರಲ್ಲಿ ಸೇರುವುದಿಲ್ಲ. ಹಿಂದಿನ ಸಂಹಿತೆಯಲ್ಲಿ ಈ ಮಿತಿ 1000 ರೂಪಾಯಿ ಇತ್ತು. ಇನ್ನೊಂದು ಅಳತೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧಗಳು, ಅಂದರೆ ಅಸಂಜ್ಞೇಯ ಅಪರಾಧಗಳು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ರಂಪ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮಿನಲ್ಲಿ 24 ಗಂಟೆಗಳವರೆಗೆ ಸಾದಾ ಸೆರೆವಾಸ, 1000 ರೂಪಾಯಿವರೆಗೆ ದಂಡ, ಅಥವಾ ಹೊಸದಾಗಿ ಬಂದಿರುವ ಸಮುದಾಯ ಸೇವೆಯ ಶಿಕ್ಷೆ ಇದೆ. ಜನರ ಕಣ್ಣಿಗೆ ಇದು ತೀರ ಸಣ್ಣದು, ಆದರೆ ಸೆರೆವಾಸವೂ ಇರುವುದರಿಂದ 229ನೆಯ ಕಲಮಿನ ಅಳತೆಗೆ ಸಿಗುವುದಿಲ್ಲ. ಹೀಗಿರುವಾಗ ‘ಜಿಲ್ಲೆಯಲ್ಲಿ ಎಷ್ಟು ಸಣ್ಣಪುಟ್ಟ ಪ್ರಕರಣಗಳು ದಾಖಲಾಗಿವೆ’ ಎಂದು ಕೇಳಿದರೆ, ಯಾವ ಅಳತೆಯಲ್ಲಿ ಎಣಿಸಬೇಕೆಂಬ ತೀರ್ಮಾನವನ್ನು ಕೇಳಿದವರು ಉತ್ತರಿಸುವವರ ಕೈಗೆ ಬಿಟ್ಟಂತಾಗುತ್ತದೆ.

ನಾಟಕದ ಮೈಕಿಗೆ ಮರಳೋಣ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬುದು ಠಾಣೆಯವರು ಮಾಡಿದ ಕಟ್ಟಳೆಯಲ್ಲ, ರಾಜ್ಯ ಸರ್ಕಾರ ಮಾಡಿದ್ದೂ ಅಲ್ಲ. 1986ರ ಪರಿಸರ (ಸಂರಕ್ಷಣಾ) ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2000ದಲ್ಲಿ ಹೊರಡಿಸಿದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಅದು ಇದೆ. ಆದ್ದರಿಂದ ‘ಬೆಳಗಿನವರೆಗೆ ಅನುಮತಿ ಕೊಡುವ ಪ್ರಸ್ತಾವನೆ ಇದೆಯೇ’ ಎಂದು ರಾಜ್ಯದ ಸಚಿವರನ್ನು ಕೇಳಿದರೆ ‘ಇರುವುದಿಲ್ಲ’ ಎಂಬುದಲ್ಲದೆ ಬೇರೆ ಉತ್ತರ ಬರುವಂತಿಲ್ಲ. ಆ ಅಧಿಕಾರ ಅವರಲ್ಲಿಲ್ಲ. ಆದರೆ ಅದೇ ನಿಯಮಗಳು ರಾಜ್ಯಕ್ಕೆ ಒಂದು ಕಿಂಡಿಯನ್ನು ಬಿಟ್ಟಿವೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭಗಳಲ್ಲಿ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಧ್ವನಿವರ್ಧಕಕ್ಕೆ ರಾಜ್ಯ ಸರ್ಕಾರ ಅವಕಾಶ ಕೊಡಬಹುದು, ಆ ದಿನಗಳು ಯಾವುವೆಂದು ಮುಂಚಿತವಾಗಿ ತಿಳಿಸಬೇಕು. ಈ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿದೆ.

ಊರಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಪ್ರಶ್ನೆ ಹುಟ್ಟುವುದು ಈ ಕಿಂಡಿಯಿಂದ: ಈ ವರ್ಷದ 15 ದಿನಗಳು ಯಾವುವು, ಅವುಗಳಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗಳು ನಾಟಕವಾಡುವ ತಿಂಗಳುಗಳ ದಿನ ಒಂದಾದರೂ ಇದೆಯೇ? ಗಣೇಶೋತ್ಸವಕ್ಕೂ ದಸರೆಗೂ ವರ್ಷಾಂತ್ಯದ ಸಂಭ್ರಮಕ್ಕೂ ದಿನಗಳು ಹಂಚಿಹೋಗುವುದಾದರೆ ಊರಹಬ್ಬದ ರಾತ್ರಿಗೆ ಉಳಿಯುವುದೇನು ಎಂಬುದು ಸಂಸ್ಕೃತಿಗೆ ಸಂಬಂಧಿಸಿದ ಗಂಭೀರವಾದ ಪ್ರಶ್ನೆ. ಅದೇ ಹೊತ್ತಿಗೆ ಊರಿನಲ್ಲಿ ಮಲಗಿರುವ ಕಾಯಿಲೆಯವರಿಗೂ, ಪರೀಕ್ಷೆಗೆ ಓದುವ ಮಕ್ಕಳಿಗೂ ಈ ನಿಯಮ ಆಸರೆ ಎಂಬುದನ್ನು ನಾನು ಮರೆತಿಲ್ಲ. ಎರಡರ ನಡುವೆ ತೂಗಿ ನೋಡುವ ಕೆಲಸ ಸದನದ್ದು, ತೂಗಲು ಬೇಕಾದ ವಿವರವನ್ನು ತರುವುದು ಪ್ರಶ್ನೆಯ ಕೆಲಸ.

ಇಲಾಖೆಗಳ ಗೊಂದಲವೂ ಇಲ್ಲಿಯೇ ಇದೆ. ಕೇಸು ಹಾಕಿದವರು ಪೊಲೀಸರು, ಅವರ ಪರವಾಗಿ ಉತ್ತರಿಸುವವರು ಗೃಹ ಸಚಿವರು. ಶಬ್ದದ ನಿಯಮ ಪರಿಸರ ಇಲಾಖೆಯದು. ನಾಟಕ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಸದನದಲ್ಲಿ ಒಂದೊಂದು ದಿನ ಕೆಲವು ಇಲಾಖೆಗಳ ಸರದಿ ಇರುತ್ತದೆ. ಪ್ರಶ್ನೆಯನ್ನು ತಪ್ಪಾದ ಸಚಿವರ ಹೆಸರಿಗೆ ಹಾಕಿದರೆ ಅದು ಇನ್ನೊಂದು ಇಲಾಖೆಗೆ ವರ್ಗವಾಗಿ, ಸರದಿ ತಪ್ಪಿ, ಅಧಿವೇಶನವೇ ಮುಗಿದುಹೋಗಬಹುದು. ಸಂಸ್ಕೃತಿ ಸಚಿವರನ್ನು ಪೊಲೀಸ್ ಕೇಸಿನ ಬಗ್ಗೆ ಕೇಳಿದರೆ ‘ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವುದು ನುಣುಚಿಕೊಳ್ಳುವ ಮಾತೆಂದು ನಮಗೆ ಅನ್ನಿಸಬಹುದು, ಆದರೆ ಕಡತದ ದೃಷ್ಟಿಯಿಂದ ಅದು ನಿಜ.

ಯುಗಾದಿಯ ಇಸ್ಪೀಟಿನ ವಿಷಯವೂ ಇಂಥದ್ದೇ. ಮಂಡ್ಯ, ಮೈಸೂರು, ಹಾಸನದ ಕಡೆ ಹೊಸತೊಡಕಿನ ದಿನ ಮರದಡಿ ಕುಳಿತು ಎಲೆ ಹಾಕುವುದನ್ನು ಹಬ್ಬದ ರೂಢಿಯೆಂದೇ ಜನ ನಂಬಿದ್ದಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೆಯ ಕಲಂ ಸಾರ್ವಜನಿಕ ಸ್ಥಳದ ಜೂಜನ್ನು ಅಪರಾಧವೆನ್ನುತ್ತದೆ, ಹಬ್ಬಕ್ಕೆಂದು ಅದು ಬಿಡುವು ಕೊಟ್ಟಿಲ್ಲ. ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಅಂದರ್ ಬಾಹರ್ ಅದೃಷ್ಟದ ಆಟ. ಶಾಸಕರೊಬ್ಬರು ‘ಹಬ್ಬದಂದು ಸಂಪ್ರದಾಯದಂತೆ ಇಸ್ಪೀಟ್ ಆಡುವವರ ಮೇಲೆ ಕೇಸು ಹಾಕುತ್ತಿರುವುದೇಕೆ’ ಎಂದು ಕೇಳಿದರೆ ಸಚಿವರು ಸಂಪ್ರದಾಯದ ಚರ್ಚೆಗೆ ಇಳಿಯಬೇಕಾಗಿಲ್ಲ; ‘ಕಾಯ್ದೆಯಂತೆ ಕ್ರಮ ಕೈಗೊಳ್ಳಲಾಗಿದೆ’ ಎಂದರೆ ಸಾಕು. ಅದರ ಬದಲು ಮೂರು ವರ್ಷಗಳಲ್ಲಿ ಯುಗಾದಿಯ ವಾರ 87ನೆಯ ಕಲಮಿನಲ್ಲಿ ದಾಖಲಾದ ಪ್ರಕರಣಗಳೆಷ್ಟು, ವಶಪಡಿಸಿಕೊಂಡ ಹಣವೆಷ್ಟು, ನ್ಯಾಯಾಲಯದಲ್ಲಿ ಶಿಕ್ಷೆಯಾದವು, ಖುಲಾಸೆಯಾದವು, ಬಾಕಿ ಇರುವವು ಎಷ್ಟು ಎಂದು ಠಾಣಾವಾರು ಕೇಳಿದರೆ, ಪೊಲೀಸರು ಹಬ್ಬದ ಮನರಂಜನೆಯನ್ನು ಹಿಡಿಯುತ್ತಿದ್ದಾರೋ ದೊಡ್ಡ ಮೊತ್ತದ ದಂಧೆಯನ್ನು ಹಿಡಿಯುತ್ತಿದ್ದಾರೋ ಎಂಬುದು ಅಂಕಿಗಳಿಂದಲೇ ಹೊರಬೀಳುತ್ತದೆ.

ಎತ್ತಿನಗಾಡಿ ಓಟದಲ್ಲಿ ಇದೇ ಬಗೆಯ ಇಕ್ಕಟ್ಟು ಕಾನೂನಿನಿಂದಲೇ ಬಗೆಹರಿದ ನಿದರ್ಶನವಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಅವಕಾಶ ಕಲ್ಪಿಸಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಮಾನ್ಯ ಮಾಡಿತು.

ಶ್ರೀರಂಗಪಟ್ಟಣಕ್ಕೆ ಬಂದರೆ ಇನ್ನೊಂದು ಗಡಿ ಎದುರಾಗುತ್ತದೆ. ದರಿಯಾ ದೌಲತ್ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಯಾರೋ ಅದರ ಗೋಡೆಯ ಮೇಲೆ ಹೆಸರು ಕೆತ್ತಿದರೆ ಅದು ಜನರ ಬಾಯಲ್ಲಿ ಸಣ್ಣ ತಪ್ಪು. ಆದರೆ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸ್ಮಾರಕದ ಕಾವಲಿಗೆ ಎಷ್ಟು ಸಿಬ್ಬಂದಿ ಇದ್ದಾರೆ, ದುರಸ್ತಿಗೆ ಎಷ್ಟು ಖರ್ಚಾಗಿದೆ ಎಂಬುದನ್ನು ರಾಜ್ಯದ ಸಚಿವರಿಂದ ಕೇಳಲಾಗದು. ರಾಷ್ಟ್ರೀಯ ಮಹತ್ವದ ಸ್ಮಾರಕಗಳು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಗೆ ಸೇರಿವೆ. ಅದನ್ನು ಸಂಸದರು ಲೋಕಸಭೆಯಲ್ಲಿ ಕೇಂದ್ರ ಸಂಸ್ಕೃತಿ ಸಚಿವರನ್ನು ಕೇಳಬೇಕು. ಆದರೆ ಪೊಲೀಸ್ ವಿಷಯ ರಾಜ್ಯ ಪಟ್ಟಿಯಲ್ಲಿದೆ. ಗೋಡೆ ಕೆತ್ತಿದ ಬಗ್ಗೆ ದೂರು ಬಂದಿತೇ, ಪ್ರಕರಣ ದಾಖಲಾಯಿತೇ, ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು ಶ್ರೀರಂಗಪಟ್ಟಣದ ಶಾಸಕರು ವಿಧಾನಸಭೆಯಲ್ಲಿ ಧಾರಾಳವಾಗಿ ಕೇಳಬಹುದು. ಒಂದೇ ಗೋಡೆ, ಎರಡು ಸದನ. ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯಕ್ಕೂ ಇದು ಅನ್ವಯಿಸುತ್ತದೆ; 2023ರಲ್ಲಿ ಅದು ಹೊಯ್ಸಳ ದೇಗುಲಗಳ ಸಮೂಹದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಇಂತಹ ಪ್ರಶ್ನೆಗಳ ತೂಕ ಹೆಚ್ಚಿದೆ.

ಸಂಖ್ಯೆಗಳನ್ನು ಓದುವಾಗ ಯಾವ ಎಲ್ಲೆಯೊಳಗಿನ ಸಂಖ್ಯೆ ಎಂಬುದನ್ನು ನೋಡಬೇಕು. ಮೈಸೂರು ನಗರಕ್ಕೆ ಪೊಲೀಸ್ ಆಯುಕ್ತರಿದ್ದಾರೆ, ಉಳಿದ ಜಿಲ್ಲೆಗೆ ಪೊಲೀಸ್ ವರಿಷ್ಠಾಧಿಕಾರಿಗಳಿದ್ದಾರೆ. ಪೊಲೀಸ್ ಲೆಕ್ಕದಲ್ಲಿ ಇವು ಎರಡು ಘಟಕಗಳು. ‘ಮೈಸೂರು ಜಿಲ್ಲೆ’ ಎಂಬ ಸಾಲಿನಲ್ಲಿ ನಗರ ಸೇರಿದೆಯೋ ಇಲ್ಲವೋ ಎಂದು ನೋಡದೆ ಮಂಡ್ಯದೊಂದಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಮಂಡ್ಯದಲ್ಲೂ ಏಳು ತಾಲ್ಲೂಕು, ಏಳು ವಿಧಾನಸಭಾ ಕ್ಷೇತ್ರಗಳಿವೆಯಾದರೂ ಅವು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಮೇಲುಕೋಟೆ ಎಂಬ ಹೆಸರಿನ ಕ್ಷೇತ್ರವಿದೆ, ಆ ಹೆಸರಿನ ತಾಲ್ಲೂಕಿಲ್ಲ. ಠಾಣೆಯ ಸರಹದ್ದು ಇವೆರಡಕ್ಕಿಂತ ಬೇರೆ. ‘ನನ್ನ ಕ್ಷೇತ್ರದಲ್ಲಿ ಎಷ್ಟು’ ಎಂದು ಕೇಳಿದ ಶಾಸಕರಿಗೆ ಸಿಗುವ ಸಂಖ್ಯೆ ಠಾಣೆಗಳನ್ನು ಕೂಡಿಸಿ ಅಂದಾಜಿಸಿದ್ದು ಆಗಿರಬಹುದು. ಠಾಣಾವಾರು ಕೇಳಿದರೆ ಈ ತೊಡಕೇ ಬರುವುದಿಲ್ಲ.

ಸಂಸ್ಕೃತಿ ಇಲಾಖೆಯ ಉತ್ತರಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಹಣದ ಲೆಕ್ಕ ಸಿಗುತ್ತದೆ, ಕೆಲಸದ ಲೆಕ್ಕ ಸಿಗುವುದಿಲ್ಲ. ಅನುದಾನ ಪಡೆದ ಸಂಘಗಳ ಪಟ್ಟಿ, ಬಿಡುಗಡೆಯಾದ ಮೊತ್ತ, ಕಾರ್ಯಕ್ರಮದ ದಿನಾಂಕ ಎಲ್ಲವೂ ಅನುಬಂಧದಲ್ಲಿ ಬರುತ್ತವೆ. ಆ ಹಣದಲ್ಲಿ ಎಷ್ಟು ಹಳ್ಳಿಯ ಕಲಾವಿದರಿಗೆ ಸಂಭಾವನೆ ತಲುಪಿತು ಎಂಬುದು ಕೇಳದೆ ಬರುವುದಿಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂತಹ ಸಂದರ್ಭದಲ್ಲಿ ಸರ್ಕಾರದ ಅನುದಾನ, ಕನ್ನಡ ಸಾಹಿತ್ಯ ಪರಿಷತ್ತಿನ ಹೊಣೆ, ಜಿಲ್ಲಾಡಳಿತದ ವ್ಯವಸ್ಥೆ ಮೂರೂ ಕೂಡಿರುತ್ತವೆ. ಯಾವುದರ ಲೆಕ್ಕ ಬೇಕೆಂದು ಹೆಸರಿಸಿ ಕೇಳಿದರೆ ಮಾತ್ರ ಅದರ ಲೆಕ್ಕ ಬರುತ್ತದೆ. 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣದಂತಹ ಸಂಸ್ಥೆಯ ಬಗ್ಗೆ ಕೇಳುವಾಗ ಇನ್ನೊಂದು ಎಚ್ಚರ ಬೇಕು. ಯಾವ ನಾಟಕ ಆಡಬೇಕು, ಆಡಬಾರದು ಎಂಬುದಕ್ಕೆ ಸಚಿವರಿಂದ ಉತ್ತರ ಬಯಸುವುದು ಕಲೆಗೆ ಒಳ್ಳೆಯದಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ; ಖಾಲಿ ಹುದ್ದೆಗಳೆಷ್ಟು, ವೇತನ ಬಾಕಿ ಇದೆಯೇ ಎಂದು ಕೇಳುವುದು ಶಾಸಕರ ಧರ್ಮ.

ಉತ್ತರದಲ್ಲಿ ಕ್ರಿಯಾಪದಗಳ ಮೇಲೆ ಕಣ್ಣಿಡಬೇಕು. ‘ಕ್ರಮ ಕೈಗೊಳ್ಳಲಾಗಿದೆ’ ಎಂದರೆ ದಿನಾಂಕ ಮತ್ತು ಆದೇಶದ ಸಂಖ್ಯೆ ಇರಬೇಕು. ‘ಕ್ರಮ ವಹಿಸಲಾಗುತ್ತಿದೆ’ ಎಂಬಲ್ಲಿ ಮುಗಿದದ್ದು ಏನೂ ಇಲ್ಲ. ‘ಪರಿಶೀಲಿಸಲಾಗುವುದು’, ‘ಮಾಹಿತಿಯನ್ನು ಸಂಗ್ರಹಿಸಿ ಒದಗಿಸಲಾಗುವುದು’ ಎಂಬ ಮಾತುಗಳನ್ನು ಜನ ಸಾಮಾನ್ಯವಾಗಿ ತೇಲಿಸುವ ಮಾತೆಂದು ತಿಳಿಯುತ್ತಾರೆ. ಆದರೆ ಸಂಸದೀಯ ಪದ್ಧತಿಯಲ್ಲಿ ಇವು ಭರವಸೆಗಳು. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ಕಟ್ಟಳೆ ಅಲ್ಲಿದೆ. ಕರ್ನಾಟಕದ ವಿಧಾನಮಂಡಲದಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಕೆಲಸ ಮಾಡುತ್ತದೆ. ‘ಇರುವುದಿಲ್ಲ’ ಎಂಬ ಉತ್ತರದ ಬೆನ್ನು ಹತ್ತಲಾಗದು, ‘ಪರಿಶೀಲಿಸಲಾಗುವುದು’ ಎಂಬ ಉತ್ತರದ ಬೆನ್ನು ಹತ್ತಬಹುದು. ಪ್ರಶ್ನೆಗೆ ಚುಕ್ಕೆ ಗುರುತು ಸಿಕ್ಕಿದ್ದರೆ ಉಪಪ್ರಶ್ನೆಯ ಮೂಲಕ ಸಚಿವರಿಂದ ಇಂತಹ ಮಾತನ್ನು ಬಾಯಿಬಿಡಿಸುವುದು ಅನುಭವಿ ಶಾಸಕರ ಕೌಶಲ.

ಇಷ್ಟು ತಿಳಿದ ಮೇಲೆ ಊರ ಹಿರಿಯರು ಮುಂದಿನ ಅಧಿವೇಶನಕ್ಕೆ ಮೊದಲು ಶಾಸಕರ ಬಳಿ ಹೋದರೆ, ಕೈಯಲ್ಲಿ ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇರಬೇಕು, ಹಾಕಿದ ಕೇಸಿನ ಸಂಖ್ಯೆ ಇರಬೇಕು. ಪ್ರಶ್ನೆ ಒಂದರ ಬದಲು ಎರಡಾಗಬೇಕು. ಗೃಹ ಸಚಿವರಿಗೆ: ‘(ಅ) ಕಳೆದ ಮೂರು ವರ್ಷಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ಧ್ವನಿವರ್ಧಕ ಬಳಕೆಗೆ ಸಂಬಂಧಿಸಿದಂತೆ ದಾಖಲಾದ ಪ್ರಕರಣಗಳ ಸಂಖ್ಯೆ 2000ದ ಶಬ್ದ ಮಾಲಿನ್ಯ ನಿಯಮಗಳಡಿ ಎಷ್ಟು, ಪೊಲೀಸ್ ಕಾಯ್ದೆಯಡಿ ಎಷ್ಟು, (ಆ) ಅವುಗಳಲ್ಲಿ ನಾಟಕ, ಜಾತ್ರೆ, ಊರಹಬ್ಬದ ಸಂದರ್ಭದವು ಎಷ್ಟು, (ಇ) ನಾಟಕ ಪ್ರದರ್ಶನಕ್ಕೆ ಅನುಮತಿ ಕೋರಿ ಬಂದ ಅರ್ಜಿಗಳೆಷ್ಟು, ಮಂಜೂರಾದವು ಮತ್ತು ತಿರಸ್ಕೃತವಾದವು ಎಷ್ಟು? (ಠಾಣಾವಾರು, ವರ್ಷವಾರು ವಿವರ ನೀಡುವುದು)’. ಪರಿಸರ ಸಚಿವರಿಗೆ: ‘(ಅ) ಸದರಿ ನಿಯಮಗಳಲ್ಲಿರುವ 15 ದಿನಗಳ ವಿನಾಯಿತಿಯಡಿ ಪ್ರಸಕ್ತ ವರ್ಷಕ್ಕೆ ಸೂಚಿಸಿರುವ ದಿನಗಳು ಯಾವುವು, (ಆ) ದಿನಗಳನ್ನು ಆಯುವ ಮುನ್ನ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಭಿಪ್ರಾಯ ಪಡೆಯಲಾಗಿದೆಯೇ, (ಇ) ಗ್ರಾಮೀಣ ನಾಟಕಗಳಿಗೆ ಕೆಲವು ದಿನಗಳನ್ನು ಮೀಸಲಿಡಲು ಸರ್ಕಾರಕ್ಕೆ ಇರುವ ಅಡ್ಡಿಗಳೇನು?’

ಇವುಗಳಲ್ಲಿ ಪ್ರಶ್ನೆಯ ಯಾವ ಭಾಗವೂ ‘ಬಂದಿದ್ದಲ್ಲಿ’ ಎಂದು ಇನ್ನೊಂದರ ಮೇಲೆ ಒರಗಿಲ್ಲ. ಗೃಹ ಸಚಿವರಿಗೆ ಕೇಳಿದ (ಆ)ಕ್ಕೆ ‘ಅಂತಹ ವರ್ಗೀಕರಣ ನಿರ್ವಹಿಸಿರುವುದಿಲ್ಲ’ ಎಂಬ ಉತ್ತರ ಬಂದರೂ (ಅ) ಮತ್ತು (ಇ)ಗಳ ಸಂಖ್ಯೆಗಳು ಅನುಬಂಧದಲ್ಲಿ ಬಂದೇ ಬರಬೇಕು. ಆ ಅನುಬಂಧದಲ್ಲಿ ತಮ್ಮ ಊರಿನ ಠಾಣೆಯ ಸಾಲನ್ನು ಹುಡುಕಿ, ಕೈಯಲ್ಲಿರುವ ಸ್ವೀಕೃತಿಯ ದಿನಾಂಕದೊಂದಿಗೆ ತಾಳೆ ನೋಡಬೇಕು. ತಮ್ಮ ಅರ್ಜಿ ಆ ಲೆಕ್ಕದಲ್ಲಿ ಸೇರಿರದಿದ್ದರೆ, ಸದನಕ್ಕೆ ತಪ್ಪು ಮಾಹಿತಿ ಹೋಗಿದೆ ಎಂದು ಶಾಸಕರು ಸಭಾಧ್ಯಕ್ಷರಿಗೆ ಬರೆಯಲು ಆ ಒಂದು ಚೀಟಿ ಸಾಕು.